ಮನೆಯೊಳಗಿನ ಬಣ್ಣ ಮತ್ತು ನಾವು ಉಸಿರಾಡುವ ಗಾಳಿ

ಮನೆಗೆ ಬಣ್ಣ ಹೊಡೆಸಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಶೇಡ್ ಕಾರ್ಡನ್ನು, ಆಮೇಲೆ ಲೀಟರಿನ ಬೆಲೆಯನ್ನು. ಈಚಿನ ವರ್ಷಗಳಲ್ಲಿ ಇವೆರಡರ ಜೊತೆಗೆ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: "ವಾಸನೆ ಇಲ್ಲದ್ದು ಯಾವುದಿದೆ?" ಮನೆಯಲ್ಲಿ ಹಸುಗೂಸು ಇರುವವರು, ಉಬ್ಬಸದಿಂದ ಬಳಲುವ ಹಿರಿಯರಿರುವವರು, ಬಾಣಂತನಕ್ಕೆ ಮಗಳು ಬರಲಿರುವವರು ಈ ಪ್ರಶ್ನೆ ಕೇಳುವುದು ಸಹಜ, ಕೇಳಲೂ ಬೇಕು. ಆದರೆ ವಾಸನೆಯೊಂದನ್ನೇ ಅಳತೆಗೋಲಾಗಿ ಹಿಡಿದು ಡಬ್ಬ ಆರಿಸಿದರೆ, ಮೂಗಿಗೆ ಸಮಾಧಾನವಾದರೂ ಗಾಳಿ ಶುದ್ಧವಾಗಿ ಉಳಿಯುತ್ತದೆಂಬ ಭರವಸೆಯಿಲ್ಲ. ಬಣ್ಣ ಹೊಡೆಯುವ ಆ ಕೆಲವು ದಿನಗಳಲ್ಲಿ ಮನೆಯೊಳಗೆ ಒಟ್ಟು ಎಷ್ಟು ಗ್ರಾಂ ರಾಸಾಯನಿಕ ಆವಿಯನ್ನು ಬಿಡುತ್ತಿದ್ದೇವೆ, ಅದು ಯಾವ ಯಾವ ಡಬ್ಬದಿಂದ ಬರುತ್ತಿದೆ ಎಂದು ಲೆಕ್ಕ ಹಾಕುವುದನ್ನು ನಾವೆಲ್ಲ ಕಲಿಯಬೇಕು. ಆ ಲೆಕ್ಕ ಕಷ್ಟದ್ದಲ್ಲ. ಅದನ್ನೇ ಇವತ್ತು ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ.

ಯಾವುದೇ ಬಣ್ಣದ ಡಬ್ಬದಲ್ಲಿ ಸ್ಥೂಲವಾಗಿ ನಾಲ್ಕು ಬಗೆಯ ವಸ್ತುಗಳಿರುತ್ತವೆ. ಬಿಳುಪನ್ನೂ ವರ್ಣವನ್ನೂ ಕೊಡುವ ಪುಡಿಗಳು ಮೊದಲನೆಯವು. ಇವುಗಳಲ್ಲಿ ಮುಖ್ಯವಾದದ್ದು ಟೈಟಾನಿಯಂ ಡೈಆಕ್ಸೈಡ್, ಅದರ ಜೊತೆಗೆ ಸುಣ್ಣಕಲ್ಲಿನ ನುಣ್ಣನೆಯ ಪುಡಿ, ಟಾಲ್ಕ್ ಮುಂತಾದವು ಸೇರುತ್ತವೆ. ಪುಡಿಯನ್ನು ಗೋಡೆಗೆ ಹಿಡಿದಿಡುವ ಅಂಟು, ಅಂದರೆ ರಾಳ, ಎರಡನೆಯದು. ಇವೆರಡನ್ನೂ ಹರಡುವಂತೆ ತೆಳುಗೊಳಿಸುವ ದ್ರವ ಮೂರನೆಯದು. ಡಬ್ಬ ಕೆಡದಂತೆ, ನೊರೆ ಏಳದಂತೆ, ಗೋಡೆಯ ಮೇಲೆ ಬೂಷ್ಟು ಬರದಂತೆ ನೋಡಿಕೊಳ್ಳಲು ಸ್ವಲ್ಪ ಸ್ವಲ್ಪವೇ ಬೆರೆಸುವ ಸಹಾಯಕ ದ್ರವ್ಯಗಳು ಕೊನೆಯವು. ಬಣ್ಣ ಒಣಗುವುದೆಂದರೆ ಮೂರನೆಯದಾದ ಆ ದ್ರವ ಆವಿಯಾಗಿ ಕೋಣೆಯ ಗಾಳಿಗೆ ಸೇರುವುದು. ಎಮಲ್ಷನ್ ಮತ್ತು ಡಿಸ್ಟೆಂಪರ್‌ಗಳಲ್ಲಿ ಆ ದ್ರವ ಬಹುಪಾಲು ನೀರು. ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಹೊಡೆಯುವ ಎಣ್ಣೆ ಬಣ್ಣದಲ್ಲಿ, ಅಂದರೆ ಸಾಮಾನ್ಯ ಎನಾಮೆಲ್‌ನಲ್ಲಿ, ಅದು ಪೆಟ್ರೋಲಿಯಂನಿಂದ ತೆಗೆದ ಟರ್ಪೆಂಟೈನ್ ಜಾತಿಯ ದ್ರಾವಕ. ಹೀಗೆ ಆವಿಯಾಗುವ ಸಾವಯವ ರಾಸಾಯನಿಕಗಳನ್ನು ಒಟ್ಟಾಗಿ ವಿಒಸಿ ಎಂದು ಕರೆಯುತ್ತಾರೆ, ಮತ್ತು ಲೀಟರಿಗೆ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ.

ನೀರಿನ ಬಣ್ಣ ಎಂದ ಮಾತ್ರಕ್ಕೆ ಅದರಲ್ಲಿ ವಿಒಸಿ ಇಲ್ಲವೆಂದು ತಿಳಿಯಬಾರದು. ಎಮಲ್ಷನ್‌ನಲ್ಲಿ ರಾಳವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ನೀರು ಆರಿದ ಮೇಲೆ ಆ ಕಣಗಳು ಒಂದಕ್ಕೊಂದು ಕೂಡಿಕೊಂಡು ಪದರವಾಗಬೇಕಾದರೆ ಅವುಗಳನ್ನು ಕೊಂಚ ಮೆದುವಾಗಿಸುವ ದ್ರಾವಕವೊಂದು ಬೇಕಾಗುತ್ತದೆ. ರೋಲರ್ ಎಳೆದ ಅಂಚು ಬೇಗ ಒಣಗಿ ಗೆರೆ ಬೀಳದಿರಲೆಂದು ಗ್ಲೈಕಾಲ್‌ಗಳನ್ನು ಹಾಕುತ್ತಾರೆ. ಇವುಗಳಲ್ಲಿ ಕೆಲವು ನಿಧಾನವಾಗಿ, ವಾರಗಟ್ಟಲೆ, ಗೋಡೆಯಿಂದ ಹೊರಬರುತ್ತವೆ. ಅವುಗಳ ವಾಸನೆಯೂ ಮೃದು, ಆದ್ದರಿಂದ ಅವು ಇವೆಯೆಂದೇ ನಮಗೆ ಅನಿಸುವುದಿಲ್ಲ. ಅದಕ್ಕೆ ವಿರುದ್ಧವಾಗಿ, ಬಣ್ಣದ ಕ್ಷಾರಗುಣವನ್ನು ಕಾಯ್ದುಕೊಳ್ಳಲು ಸೇರಿಸುವ ಅಮೋನಿಯಾ ಡಬ್ಬ ತೆರೆದ ಕೂಡಲೇ ಮೂಗಿಗೆ ಬಡಿಯುತ್ತದೆ, ಕಿಟಕಿ ತೆರೆದಿದ್ದರೆ ಕೆಲವು ಗಂಟೆಗಳಲ್ಲಿ ಹೋಗಿಯೂ ಬಿಡುತ್ತದೆ; ಅದು ಸಾವಯವವಲ್ಲವಾದ್ದರಿಂದ ವಿಒಸಿ ಲೆಕ್ಕಕ್ಕೆ ಬರುವುದೂ ಇಲ್ಲ. ಘಾಟು ಜಾಸ್ತಿ ಇರುವುದೆಲ್ಲ ಹೆಚ್ಚು ಅಪಾಯದ್ದು, ಘಾಟಿಲ್ಲದ್ದೆಲ್ಲ ನಿರಪಾಯದ್ದು ಎಂಬ ನಂಬಿಕೆ ನಿಲ್ಲುವುದಿಲ್ಲ ಎನ್ನಲು ಇಷ್ಟು ಸಾಕು.

ಇನ್ನೂ ಎರಡು ಕಾರಣಗಳಿಂದ ಮೂಗನ್ನು ಪೂರ್ತಿ ನಂಬಲಾಗದು. ಒಂದು, ಅದು ಬೇಗ ಒಗ್ಗಿಕೊಳ್ಳುತ್ತದೆ. ಬೆಳಗ್ಗೆಯಿಂದ ಕೋಣೆಯೊಳಗೆ ಎನಾಮೆಲ್ ಹೊಡೆಯುತ್ತಿರುವವರಿಗೆ ಮಧ್ಯಾಹ್ನದ ಹೊತ್ತಿಗೆ ವಾಸನೆಯೇ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಹೊರಗಿನಿಂದ ಒಳಬಂದವರು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಎರಡು, ವಾಸನೆಯನ್ನು ಕಡಿಮೆ ಮಾಡಲು ವಿಒಸಿಯನ್ನು ಕಡಿಮೆ ಮಾಡಲೇಬೇಕೆಂದಿಲ್ಲ. ವಾಸನೆಯ ಅಂಶಗಳನ್ನು ಮಾತ್ರ ಬೇರ್ಪಡಿಸಿದ ದ್ರಾವಕಗಳಿವೆ, ಸುಗಂಧ ಬೆರೆಸಿ ಮರೆಮಾಚುವ ಉಪಾಯವೂ ಇದೆ. ಡಬ್ಬದ ಮೇಲೆ "ಕಡಿಮೆ ವಾಸನೆ" ಎಂದಿದ್ದರೆ ಅದು ವಾಸನೆಯ ಬಗ್ಗೆ ಮಾತ್ರ ಹೇಳಿದ ಮಾತು. ವಿಒಸಿಯ ಅಂಕಿಯನ್ನು ಬೇರೆಯಾಗಿಯೇ ಕೇಳಿ ಪಡೆಯಬೇಕು.

ಈಗ ಒಂದು ಕೋಣೆಯ ಲೆಕ್ಕಕ್ಕೆ ಬರೋಣ. ಹತ್ತಕ್ಕೆ ಹನ್ನೆರಡು ಅಡಿಯ, ಹತ್ತು ಅಡಿ ಎತ್ತರದ ಮಲಗುವ ಕೋಣೆ ಎಂದಿಟ್ಟುಕೊಳ್ಳಿ. ನಾಲ್ಕು ಗೋಡೆಗಳು 440 ಚದರ ಅಡಿ, ಚಾವಣಿ 120. ಬಾಗಿಲು ಕಿಟಕಿಗಳನ್ನು ಕಳೆದರೆ ಸುಮಾರು 500 ಚದರ ಅಡಿ ಉಳಿಯುತ್ತದೆ. ಎರಡು ಕೋಟ್‌ಗೆ ಒಳ್ಳೆಯ ಎಮಲ್ಷನ್ ಸುಮಾರು 4 ಲೀಟರ್ ಬೇಕು. ಅದರ ವಿಒಸಿ ಲೀಟರಿಗೆ 30 ಗ್ರಾಂ ಇದ್ದರೆ ಆ ಕೋಣೆಗೆ ಬರುವುದು 120 ಗ್ರಾಂ. ಇನ್ನು ಬಾಗಿಲಿನ ಎರಡು ಮೈ, ಚೌಕಟ್ಟು, ಕಿಟಕಿಯ ಗ್ರಿಲ್ ಎಲ್ಲಕ್ಕೂ ಸೇರಿ ಎನಾಮೆಲ್ ಒಂದು ಲೀಟರ್ ಹಿಡಿಯುತ್ತದೆ ಎನ್ನೋಣ. ಸಾಮಾನ್ಯ ಎಣ್ಣೆ ಎನಾಮೆಲ್‌ನಲ್ಲಿ ಲೀಟರಿಗೆ 400 ಗ್ರಾಂ ಆಸುಪಾಸಿನಲ್ಲಿ ದ್ರಾವಕವಿರುತ್ತದೆ. ಬ್ರಷ್ ಸಲೀಸಾಗಿ ಓಡಲಿ ಎಂದು ಪೇಂಟರ್ ಕ್ಯಾನಿನಿಂದ ಅಂದಾಜಿನ ಮೇಲೆ ಥಿನ್ನರ್ ಸುರಿಯುತ್ತಾರೆ. ಅದು ಬರೀ 100 ಮಿಲಿಲೀಟರ್ ಆದರೂ ತೂಕದಲ್ಲಿ ಇನ್ನೊಂದು 80 ಗ್ರಾಂ ಆಗುತ್ತದೆ. ಒಟ್ಟು 480 ಗ್ರಾಂ. ಗೋಡೆಗೂ ಚಾವಣಿಗೂ ಹೊಡೆದ ನಾಲ್ಕು ಲೀಟರಿನಿಂದ ಬಂದದ್ದಕ್ಕಿಂತ ಬಾಗಿಲು ಕಿಟಕಿಗೆ ಹೊಡೆದ ಒಂದೇ ಲೀಟರಿನಿಂದ ನಾಲ್ಕು ಪಟ್ಟು ಹೆಚ್ಚು ಆವಿ ಬಂತು.

ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು ಯೋಚಿಸಿ. ಹೆಚ್ಚು ದುಡ್ಡು ಕೊಟ್ಟು ಗೋಡೆಗೆ ಲೀಟರಿಗೆ 5 ಗ್ರಾಂನ ಬಣ್ಣ ತಂದರೆ ಕಡಿಮೆಯಾಗುವುದು 100 ಗ್ರಾಂ. ಅದೇ ಬಾಗಿಲಿಗೆ ಎಣ್ಣೆ ಎನಾಮೆಲ್ ಬಿಟ್ಟು, ಲೀಟರಿಗೆ 100 ಗ್ರಾಂ ಒಳಗಿರುವ ನೀರಿನ ಎನಾಮೆಲ್ ತಂದರೆ 380 ಗ್ರಾಂ ಕಡಿಮೆಯಾಗುತ್ತದೆ. ನಮ್ಮ ಊರುಗಳ ಅಂಗಡಿಗಳಲ್ಲಿ ನೀರಿನ ಎನಾಮೆಲ್ ಈಗ ಸಿಗುತ್ತದೆ. ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಬಿಳಿ ಬಣ್ಣ ವರ್ಷ ಕಳೆದಂತೆ ಹಳದಿಗೆ ತಿರುಗುವ ಕಾಟವೂ ಅದರಲ್ಲಿ ಕಡಿಮೆ. ಹಳೆಯ ಎಣ್ಣೆ ಬಣ್ಣದ ಮೇಲೆ ಹೊಡೆಯುವಾಗ ಮೊದಲಿನ ಹೊಳಪು ಹೋಗುವಷ್ಟು ಚೆನ್ನಾಗಿ ಉಜ್ಜಬೇಕು, ಬರಿಯ ಕಬ್ಬಿಣದ ಮೇಲಾದರೆ ತುಕ್ಕು ತಡೆಯುವ ಪ್ರೈಮರ್ ಇರಲೇಬೇಕು. ಇವೆರಡನ್ನು ಬಿಟ್ಟುಬಿಟ್ಟು "ನೀರಿನದ್ದು ನಿಲ್ಲುವುದಿಲ್ಲ" ಎಂದು ದೂರುವುದು ಸರಿಯಲ್ಲ. ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಎಣ್ಣೆ ಬಣ್ಣವೇ ಬೇಕೆನ್ನುವವರು ಗ್ರಿಲ್‌ಗಳನ್ನು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿಯೇ ಬಯಲಿನಲ್ಲಿ ಹೊಡೆಸಿ, ವಾಸನೆ ಆರಿದ ಮೇಲೆ ತಂದು ಕೂರಿಸಿದರೆ ಆ ಆವಿ ಮನೆಯೊಳಗೆ ಬರುವುದೇ ಇಲ್ಲ. ಹೊಸ ಬಾಗಿಲುಗಳಿಗೂ ಹೀಗೆಯೇ ಮಾಡಬಹುದು.

ಮರಗೆಲಸದ ಪಾಲಿಶ್ ಇದಕ್ಕಿಂತ ದೊಡ್ಡ ಬಾಬ್ತು. ವಾರ್ಡ್‌ರೋಬ್, ಟಿವಿ ಯುನಿಟ್, ಮಂಚ ಎಲ್ಲಕ್ಕೂ ಸ್ಪ್ರೇ ಮಾಡುವ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನಲ್ಲಿ ಲೀಟರಿಗೆ 600 ಗ್ರಾಂ ದಾಟುವುದು ಸಾಮಾನ್ಯ, ಅದರ ಮೇಲೆ ಮತ್ತೆ ಥಿನ್ನರ್ ಬೆರೆಸುತ್ತಾರೆ. ಮೆಲಮೈನ್ ಪಾಲಿಶ್ ಗಟ್ಟಿಯಾಗುವಾಗ ದ್ರಾವಕದ ಜೊತೆಗೆ ಫಾರ್ಮಾಲ್ಡಿಹೈಡ್ ಕೂಡ ಬಿಡುತ್ತದೆ. ಕಣ್ಣಲ್ಲಿ ನೀರು ತರಿಸುವ ಆ ಚುರುಕು ಘಾಟು ಅದರದ್ದೇ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ವರ್ಗೀಕರಿಸಿದೆ, ಮತ್ತು ಒಳಾಂಗಣದ ಒಂದು ಘನ ಮೀಟರ್ ಗಾಳಿಯಲ್ಲಿ ಅದು ಅರ್ಧ ಗಂಟೆಯ ಸರಾಸರಿಯಲ್ಲಿ 0.1 ಮಿಲಿಗ್ರಾಂ ಮೀರಬಾರದೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಿತಿ ಸೂಚಿಸಿದೆ. ನಾವು ಮೇಲೆ ಹೇಳಿದ ಕೋಣೆಯಲ್ಲಿರುವುದು ಸುಮಾರು 34 ಘನ ಮೀಟರ್ ಗಾಳಿ. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಮಿತಿ ದಾಟಲು ಬರೀ 3.4 ಮಿಲಿಗ್ರಾಂ, ಅಂದರೆ ಒಂದು ಚಿಟಿಕೆ ಉಪ್ಪಿನ ತೂಕಕ್ಕಿಂತ ಎಷ್ಟೋ ಕಡಿಮೆ, ಸಾಕು. ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ಗಳ ಅಂಟಿನಿಂದಲೂ ಇದೇ ಅನಿಲ ತಿಂಗಳುಗಟ್ಟಲೆ ಬರುತ್ತಿರುತ್ತದೆ. "ಬಣ್ಣ ಹೊಡೆಸಿ ಎರಡು ತಿಂಗಳಾದರೂ ಹೊಸ ಮನೆಯ ವಾಸನೆ ಹೋಗಿಲ್ಲ" ಎನ್ನುವವರು ಗೋಡೆಯನ್ನು ಬಿಟ್ಟು ವಾರ್ಡ್‌ರೋಬಿನ ಬಾಗಿಲು ತೆರೆದು ನೋಡಬೇಕು. ಬೋರ್ಡ್ ಕೊಳ್ಳುವಾಗ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆಯದ್ದನ್ನು ಕೇಳಿ ಪಡೆದು, ಕತ್ತರಿಸಿದ ಅಂಚುಗಳನ್ನೆಲ್ಲ ಪಟ್ಟಿ ಹಾಕಿಸಿ ಮುಚ್ಚಿಸುವುದು ಗೋಡೆಗೆ ದುಬಾರಿ ಬಣ್ಣ ತರುವುದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸವೆಂದು ನಾನು ನಂಬುತ್ತೇನೆ.

ಇನ್ನು ಡಬ್ಬದ ಮೇಲಿನ ಅಂಕಿಗಳನ್ನು ಓದುವ ಬಗೆ. ಯುರೋಪಿನ ಒಕ್ಕೂಟವು 2004ರ ನಿರ್ದೇಶನವೊಂದರ ಮೂಲಕ, ಒಳಗೋಡೆ ಮತ್ತು ಚಾವಣಿಗೆ ಹೊಡೆಯುವ ಮ್ಯಾಟ್ ಬಣ್ಣದಲ್ಲಿ ವಿಒಸಿ ಲೀಟರಿಗೆ 30 ಗ್ರಾಂ ಮೀರಬಾರದೆಂದೂ ಹೊಳಪಿನ ಬಣ್ಣದಲ್ಲಿ 100 ಗ್ರಾಂ ಮೀರಬಾರದೆಂದೂ 2010ರಿಂದ ಜಾರಿಗೆ ಬರುವಂತೆ ಕಾನೂನು ಮಾಡಿತು. ಇವು ನೀರಿನ ಬಣ್ಣಗಳ ಮಿತಿಗಳು. ಅಮೆರಿಕದಲ್ಲಿ ಲೀಟರಿಗೆ 5 ಗ್ರಾಂಗಿಂತ ಕಡಿಮೆಯಿರುವುದನ್ನು "ಜೀರೋ ವಿಒಸಿ" ಎಂದು ಕರೆಯುವ ರೂಢಿಯಿದೆ. ಹಾಗಾಗಿ ಜೀರೋ ಎಂದರೆ ಏನೇನೂ ಇಲ್ಲವೆಂದಲ್ಲ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಮೆರಿಕದ ನಿಯಮಗಳು ಬಣ್ಣದಲ್ಲಿನ ನೀರನ್ನು ಕಳೆದು, ಉಳಿದ ಭಾಗದ ಲೀಟರಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತವೆ. ಯುರೋಪಿನ ನಿಯಮ ನೀರೂ ಸೇರಿದಂತೆ ಬಳಕೆಗೆ ಸಿದ್ಧವಾದ ಬಣ್ಣದ ಲೀಟರನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಅರ್ಧದಷ್ಟು ನೀರಿರುವ ಒಂದೇ ಬಣ್ಣಕ್ಕೆ ಒಂದು ಲೆಕ್ಕದಲ್ಲಿ 30 ಬಂದರೆ ಇನ್ನೊಂದರಲ್ಲಿ 60 ಬರುತ್ತದೆ. ಎರಡು ಕಂಪನಿಗಳ ಅಂಕಿಗಳನ್ನು ಹೋಲಿಸುವ ಮೊದಲು ಎರಡೂ ಒಂದೇ ಲೆಕ್ಕದವೇ ಎಂದು ಖಚಿತಪಡಿಸಿಕೊಳ್ಳಬೇಕು.

ಅಂಗಡಿಯಲ್ಲಿ ನಡೆಯುವ ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಿ. ನೀವು ಶೇಡ್ ಕಾರ್ಡಿನಲ್ಲಿ ಬಣ್ಣ ತೋರಿಸುತ್ತೀರಿ. ಅಂಗಡಿಯವರು ಬಿಳಿಯ ಬೇಸ್ ಡಬ್ಬವನ್ನು ತೆರೆದು ಟಿಂಟಿಂಗ್ ಮೆಷಿನ್ನಿನ ಕೆಳಗೆ ಇಡುತ್ತಾರೆ. ಕಂಪ್ಯೂಟರಿನಲ್ಲಿ ಶೇಡಿನ ಸಂಖ್ಯೆ ಒತ್ತಿದಾಗ ಕಪ್ಪು, ಹಳದಿ, ಕೆಂಪು ದ್ರವಗಳು ಎಳೆಎಳೆಯಾಗಿ ಡಬ್ಬಕ್ಕೆ ಬೀಳುತ್ತವೆ. ಆಮೇಲೆ ಮುಚ್ಚಳ ಹಾಕಿ ಯಂತ್ರದಲ್ಲಿ ಕುಲುಕಿ ಕೊಡುತ್ತಾರೆ. ಡಬ್ಬದ ಮೇಲೆ ಮುದ್ರಿಸಿದ ವಿಒಸಿ ಅಂಕಿ ಹಲವು ಸಲ ಆ ಬೇಸಿಗೆ ಮಾತ್ರ ಸಂಬಂಧಿಸಿದ್ದಾಗಿರುತ್ತದೆ. ಬಿದ್ದ ಆ ವರ್ಣದ್ರವಗಳಲ್ಲಿ ಗ್ಲೈಕಾಲ್ ಇದ್ದರೆ, ಶೇಡ್ ಗಾಢವಾದಷ್ಟೂ ಅಂಕಿ ಏರುತ್ತದೆ. "ಈ ಮೆಷಿನ್ನಿನ ಕಲರೆಂಟ್ ಕೂಡ ಕಡಿಮೆ ವಿಒಸಿಯದ್ದೇ?" ಎಂದು ಕೇಳಿ. ಮಗುವಿನ ಕೋಣೆಗಾದರೆ ತಿಳಿ ಬಣ್ಣಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪ್ರತಿ ಬಣ್ಣಕ್ಕೂ ಕಂಪನಿಯು 16 ಭಾಗಗಳ ಸುರಕ್ಷತಾ ಮಾಹಿತಿ ಪತ್ರವನ್ನು ಸಿದ್ಧಪಡಿಸಿರುತ್ತದೆ. ಸಾಮಾನ್ಯವಾಗಿ ಕಂಪನಿಯ ಜಾಲತಾಣದಲ್ಲಿ ಸಿಗುತ್ತದೆ. ಅದರ ಮೂರನೆಯ ಭಾಗದಲ್ಲಿ ಅಪಾಯಕಾರಿ ಘಟಕಗಳ ಪಟ್ಟಿ ಇರುತ್ತದೆ. ಚರ್ಮದ ಅಲರ್ಜಿ ಇರುವವರು ಅಲ್ಲಿ ಐಸೋಥಯಾಜೊಲಿನೋನ್ ಎಂಬ ಸಂರಕ್ಷಕದ ಹೆಸರನ್ನು ಹುಡುಕಬೇಕು, ಏಕೆಂದರೆ ನೀರಿನ ಬಣ್ಣ ಡಬ್ಬದಲ್ಲೇ ಕೊಳೆಯದಂತೆ ಹಾಕುವ ಈ ದ್ರವ್ಯ ಬಹಳ ಕಡಿಮೆ ಪ್ರಮಾಣದಲ್ಲಿಯೂ ಅವರಿಗೆ ತೊಂದರೆ ಕೊಡಬಲ್ಲದು.

ನಮ್ಮ ದೇಶದ ಗುರುತುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮಣ್ಣಿನ ಮಡಕೆಯ ಚಿಹ್ನೆಯ ಇಕೋಮಾರ್ಕ್ ಯೋಜನೆ 1991ರಲ್ಲಿಯೇ ಆರಂಭವಾಯಿತು, 2024ರಲ್ಲಿ ಅದಕ್ಕೆ ಹೊಸ ನಿಯಮಗಳು ಬಂದವು. ಭಾರತೀಯ ಕೈಗಾರಿಕಾ ಒಕ್ಕೂಟ ಕೊಡುವ ಗ್ರೀನ್‌ಪ್ರೋ ಪ್ರಮಾಣಪತ್ರವೂ ಹಲವು ಬಣ್ಣಗಳ ಮೇಲೆ ಕಾಣುತ್ತದೆ. ಎಲೆಯ ಚಿತ್ರ, "ಇಕೋ" ಎಂಬ ಪದ, ಹಸಿರು ಮುಚ್ಚಳ ಇವು ಯಾವುವೂ ಪ್ರಮಾಣಪತ್ರಗಳಲ್ಲ. ಪರಿಸರದ ಹೆಸರಿನಲ್ಲಿ ದಾರಿ ತಪ್ಪಿಸುವ ಹೇಳಿಕೆಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅಂಥ ಹೇಳಿಕೆಗೆ ಆಧಾರವೇನೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಸೀಸದ ಮಾತನ್ನು ಮಾತ್ರ ಹೀಗೆ ಚಿಕ್ಕದಾಗಿ ಮುಗಿಸಲಾರೆ, ಏಕೆಂದರೆ ಅದು ನಮ್ಮ ಬೆಂಗಳೂರಿನ ಜೊತೆಗೂ ನಂಟಿರುವ ಕಥೆ. ಹಳದಿ, ಕೆಂಪು, ಹಸಿರು ಎನಾಮೆಲ್‌ಗಳಿಗೆ ಹೊಳಪನ್ನೂ ಬಾಳಿಕೆಯನ್ನೂ ಕೊಡಲು ಸೀಸದ ಕ್ರೋಮೇಟುಗಳನ್ನು, ಬೇಗ ಒಣಗಲು ಸೀಸದ ಲವಣಗಳನ್ನು ದಶಕಗಳ ಕಾಲ ಬಳಸಲಾಯಿತು. ಸೀಸ ವಾಸನೆಯಿಲ್ಲದ ವಿಷ. ಮಕ್ಕಳ ದೇಹ ಅದನ್ನು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ, ಮತ್ತು ಇಷ್ಟಾದರೆ ಪರವಾಗಿಲ್ಲ ಎನ್ನಬಹುದಾದ ಮಟ್ಟವೇ ಇದಕ್ಕೆ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1990ರ ದಶಕದ ಕೊನೆಗೆ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸುವ ಕೆಲಸ ಕೈಗೊಂಡಿತು, 1999ರಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೊಂದು ಬೆಂಗಳೂರಿನಲ್ಲಿಯೇ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಪರಾಮರ್ಶನ ಕೇಂದ್ರವನ್ನು ಕಟ್ಟಿ ವರ್ಷಗಟ್ಟಲೆ ಈ ವಿಷಯದ ಬೆನ್ನು ಹತ್ತಿದರು. ಅಮೆರಿಕ 1978ರಲ್ಲಿಯೇ ಮನೆಯ ಬಣ್ಣದಲ್ಲಿ ಸೀಸವನ್ನು ನಿರ್ಬಂಧಿಸಿತ್ತು. ನಮ್ಮಲ್ಲಿ 2016ರ ನವೆಂಬರ್ 1ರಂದು ಹೊರಟ ನಿಯಮ, ಒಂದು ವರ್ಷ ಕಳೆದು 2017ರ ನವೆಂಬರಿನಿಂದ, ಗೃಹಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಕಡ್ಡಾಯ ಮಾಡಿತು. ಆ ಮಾತು ಡಬ್ಬದ ಮೇಲೆ ಇದೆಯೇ ನೋಡಿ. ತಯಾರಕರ ಹೆಸರು ವಿಳಾಸವಿಲ್ಲದ ಅಗ್ಗದ ಎನಾಮೆಲ್ ಡಬ್ಬವನ್ನು ಯಾವ ಕಾರಣಕ್ಕೂ ಮನೆಗೆ ತರಬೇಡಿ.

ಹೊಸ ಡಬ್ಬದಲ್ಲಿ ಸೀಸವಿಲ್ಲದಿದ್ದರೂ ಹಳೆಯ ಮನೆಯಲ್ಲಿ ಅದು ಕಾದು ಕುಳಿತಿರುತ್ತದೆ. 2017ಕ್ಕೆ ಮೊದಲು ಹೊಡೆದ ಬಾಗಿಲು, ಕಿಟಕಿ, ಗ್ರಿಲ್, ತೊಟ್ಟಿಲುಗಳ ಎನಾಮೆಲ್‌ನಲ್ಲಿ ಸೀಸವಿರಬಹುದೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ. ಉಜ್ಜುಕಾಗದ ಹಿಡಿದು ಒಣಗಿದ್ದಂತೆಯೇ ಉಜ್ಜಿದರೆ ಆ ಪುಡಿ ಹಾಸಿಗೆ, ಆಟಿಕೆ, ಅಡುಗೆ ಪಾತ್ರೆಗಳ ಮೇಲೆಲ್ಲ ಕೂರುತ್ತದೆ. ಅಂಬೆಗಾಲಿಡುವ ಮಗು ಅದನ್ನು ಕೈಯಿಂದ ಬಾಯಿಗೆ ಹಾಕಿಕೊಳ್ಳುತ್ತದೆ. ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ಉಜ್ಜಿಸಬೇಕು, ಬೆಂಕಿಯ ಜ್ವಾಲೆಯಿಂದ ಹಳೆಯ ಬಣ್ಣ ಸುಟ್ಟು ಕೆರೆಯುವುದನ್ನು ಬಿಡಿಸಬೇಕು, ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು, ಆ ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಮನೆಯಲ್ಲಿ ಇರಿಸಬಾರದು.

"ಇಷ್ಟೆಲ್ಲ ಏಕೆ, ಹಿಂದಿನಂತೆ ಸುಣ್ಣ ಬಳಿದರೆ ಆಗದೇ?" ಎಂದು ಹಲವರು ಕೇಳುತ್ತಾರೆ. ಆಗುತ್ತದೆ, ಗೋಡೆ ಒಪ್ಪಿದರೆ. ಸುಣ್ಣದಲ್ಲಿ ವಿಒಸಿ ಇಲ್ಲ. ತೆಳುವಾಗಿ ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಭಟ್ಟಿಯಲ್ಲಿ ಕಲ್ಲನ್ನು ಸುಟ್ಟಾಗ ಕಲ್ಲಿನಿಂದ ಹೊರಟ ಅನಿಲದ ಬಹುಪಾಲನ್ನು ಗೋಡೆ ಹೀಗೆ ಹಿಂದಕ್ಕೆ ಪಡೆಯುತ್ತದೆ. ಅದರ ತೀವ್ರ ಕ್ಷಾರಗುಣದಿಂದಾಗಿ ಹೊಸದರಲ್ಲಿ ಬೂಷ್ಟು ಹತ್ತುವುದಿಲ್ಲ. ಗೋಡೆಯೊಳಗಿನ ತೇವ ಅದರ ಮೂಲಕ ಹೊರಬರಬಲ್ಲದು, ಆದ್ದರಿಂದ ಮಲೆನಾಡು ಕರಾವಳಿಯ ಮಣ್ಣಿನ ಗೋಡೆಗಳಿಗೆ, ಗಾರೆಯ ಹಳೆಯ ಮನೆಗಳಿಗೆ ಇದಕ್ಕಿಂತ ಒಪ್ಪುವ ಲೇಪ ಬೇರೆಯಿಲ್ಲ. ಕರಾವಳಿಯಲ್ಲಿ ಕಪ್ಪೆಚಿಪ್ಪನ್ನು ಸುಟ್ಟು ಮಾಡುತ್ತಿದ್ದ ಸುಣ್ಣದ ಬಿಳುಪು ಪ್ರಸಿದ್ಧ. ಉತ್ತರ ಕನ್ನಡದ ಗುಡಿಗಳ ಸುಣ್ಣದ ಗೋಡೆಗಳ ಮೇಲೆ ಕೆಂಪು ಕಾವಿಯಲ್ಲಿ ಬಿಡಿಸಿದ ಚಿತ್ರಗಳು ಇಂದಿಗೂ ಉಳಿದಿವೆ. ಕೆಮ್ಮಣ್ಣಿನಂಥ ಕಬ್ಬಿಣದ ಆಕ್ಸೈಡುಗಳ ಬಣ್ಣ ಸುಣ್ಣದ ಕ್ಷಾರದಲ್ಲಿ ಮಾಸುವುದಿಲ್ಲ ಎಂಬುದಕ್ಕೆ ಅವೇ ಸಾಕ್ಷಿ. ಬಳಿಯುವ ಕ್ರಮವೂ ಮುಖ್ಯ: ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಯನ್ನು ನೆನೆಸಿಕೊಂಡು, ಮೂರು ನಾಲ್ಕು ಸಲ ತೆಳುವಾಗಿ ಬಳಿಯಬೇಕು. ದಪ್ಪಗೆ ಒಂದೇ ಸಲ ಮೆತ್ತಿದ ಸುಣ್ಣ ಬಿರಿದು ಉದುರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು, ಏಕೆಂದರೆ ಕಣ್ಣಿಗೆ ಸಿಡಿದ ಸುಣ್ಣ ದೃಷ್ಟಿಯನ್ನೇ ತೆಗೆಯಬಲ್ಲದು.

ಆದರೆ ಪುಟ್ಟಿ ಹಾಕಿ ನುಣುಪು ಮಾಡಿ ಎಮಲ್ಷನ್ ಹೊಡೆದ ಅಪಾರ್ಟ್‌ಮೆಂಟ್ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ. ಹೀರಿಕೊಳ್ಳುವ ಮೈ ಅದಕ್ಕೆ ಬೇಕು. ಒರಗಿದರೆ ಬಟ್ಟೆಗೆ ಹತ್ತುವುದರಿಂದ ಮಕ್ಕಳಿರುವ ಮನೆಯಲ್ಲಿ ಕೆಳಭಾಗಕ್ಕೆ ಬೇರೆ ಏರ್ಪಾಡು ಬೇಕಾಗುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಜನವರಿ 12ರಂದು ಬಿಡುಗಡೆ ಮಾಡಿದ ಸಗಣಿ ಆಧಾರಿತ ಪ್ರಾಕೃತಿಕ ಪೇಂಟ್ ಇನ್ನೊಂದು ಆಯ್ಕೆ. ಆಗ ಡಿಸ್ಟೆಂಪರ್ ಲೀಟರಿಗೆ 120 ರೂಪಾಯಿ, ಎಮಲ್ಷನ್ 225 ರೂಪಾಯಿ ಎಂದು ಬೆಲೆ ಇಟ್ಟಿದ್ದರು. ಹಳ್ಳಿಯ ಗೋಶಾಲೆಗಳಿಗೆ ಆದಾಯ ತರುವ ಅದರ ಉದ್ದೇಶ ನನಗೆ ಮೆಚ್ಚುಗೆಯಾಗಿದೆ. ಆದರೂ ಬೇರೆ ಡಬ್ಬಗಳಿಗೆ ಕೇಳಿದ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕು: ವಿಒಸಿ ಎಷ್ಟು, ಒರೆಸಿದರೆ ತಡೆಯುತ್ತದೆಯೇ, ಒಂದು ಲೀಟರ್ ಎಷ್ಟು ಚದರ ಅಡಿ ಮುಚ್ಚುತ್ತದೆ. ನೈಸರ್ಗಿಕ ಎಂಬುದೊಂದೇ ಉತ್ತರವಾಗುವುದಿಲ್ಲ. ಅಗಸೆ ಎಣ್ಣೆಯ ಲೇಪ ಒಣಗುವಾಗ ಆಲ್ಡಿಹೈಡುಗಳನ್ನು ಬಿಡುತ್ತದೆ, ಪೈನ್ ಮರದಿಂದ ಬಂದ ಅಪ್ಪಟ ಟರ್ಪೆಂಟೈನ್ ಕೂಡ ವಿಒಸಿಯೇ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳಲೂಬಹುದು.

ಯಾವ ಬಣ್ಣ ಎಂಬಷ್ಟೇ ಮುಖ್ಯ, ಯಾವಾಗ ಎಂಬುದು. ನಮ್ಮಲ್ಲಿ ಗೃಹಪ್ರವೇಶದ ಮುಹೂರ್ತ ಮೊದಲೇ ನಿಶ್ಚಯವಾಗಿರುತ್ತದೆ, ಕೆಲಸ ಹಿಂದೆ ಬೀಳುತ್ತದೆ, ಹಿಂದಿನ ದಿನ ಸಂಜೆಯವರೆಗೂ ಬಾಗಿಲಿಗೆ ಎನಾಮೆಲ್, ಕಪಾಟಿಗೆ ಪಾಲಿಶ್ ನಡೆಯುತ್ತಿರುತ್ತದೆ. ಬೆಳಗಿನ ಜಾವ ಹಾಲು ಉಕ್ಕಿಸಿ, ಹೋಮ ಮುಗಿಸಿ, ಸಂಪ್ರದಾಯದಂತೆ ಅಂದಿನ ರಾತ್ರಿ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತಾರೆ. ಅಜ್ಜಿ, ಬಾಣಂತಿ, ಹಸುಗೂಸುಗಳೆಲ್ಲ ಆವಿ ಅತ್ಯಂತ ಹೆಚ್ಚಿರುವ ರಾತ್ರಿಯನ್ನೇ ಆ ಮನೆಯೊಳಗೆ ಕಳೆದಂತಾಗುತ್ತದೆ. ಮುಹೂರ್ತದಿಂದ ಹಿಂದಕ್ಕೆ ಎಣಿಸಿ ಕೆಲಸ ಮುಗಿಸುವ ಕರಾರನ್ನು ಗುತ್ತಿಗೆದಾರರೊಂದಿಗೆ ಮೊದಲೇ ಮಾಡಿಕೊಳ್ಳಿ: ಪಾಲಿಶ್ ಮತ್ತು ಎಣ್ಣೆ ಬಣ್ಣ ಕನಿಷ್ಠ ಒಂದು ತಿಂಗಳ ಮೊದಲು, ಗೋಡೆಯ ಕೊನೆಯ ಕೋಟ್ ಎರಡು ವಾರಗಳ ಮೊದಲು. ಹೊಸ ಪ್ಲಾಸ್ಟರಿಂಗ್ ಆದರೆ ಕ್ಯೂರಿಂಗ್ ಮುಗಿದು ಗೋಡೆ ಪೂರ್ತಿ ಒಣಗುವವರೆಗೆ, ಸಾಮಾನ್ಯವಾಗಿ 28 ದಿನಗಳಾದರೂ, ಬಣ್ಣ ಮುಟ್ಟಿಸಬಾರದು; ಇಲ್ಲವಾದರೆ ಉಪ್ಪು ಹೊರಬಂದು ಪದರ ಏಳುತ್ತದೆ, ಮತ್ತೆ ಕೆರೆದು ಮತ್ತೆ ಹೊಡೆಯಬೇಕಾಗುತ್ತದೆ. ಮಳೆಗಾಲದಲ್ಲಿ, ವಿಶೇಷವಾಗಿ ಆಗುಂಬೆ, ಮಡಿಕೇರಿಗಳಂಥ ಕಡೆ, ತೇವದ ಗಾಳಿಯಲ್ಲಿ ನೀರಿನ ಬಣ್ಣ ಒಣಗುವುದೂ ನಿಧಾನ, ಕಿಟಕಿ ತೆರೆದಿಡುವುದೂ ಕಷ್ಟ. ಗೋಡೆ ಸೋರುತ್ತಿದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಬೂಷ್ಟಿನ ಮೇಲೆ ಬೂಷ್ಟುನಾಶಕ ಬೆರೆಸಿದ ಬಣ್ಣ ಹೊಡೆಯುವುದರಿಂದ ಮನೆಯೊಳಗೆ ವಿಷ ಹೆಚ್ಚುತ್ತದೆಯೇ ಹೊರತು ತೇವ ಹೋಗುವುದಿಲ್ಲ.

ಬಣ್ಣ ಹೊಡೆದ ಕೋಣೆಯಲ್ಲಿ ಈರುಳ್ಳಿ ಕತ್ತರಿಸಿ ನೀರಿನ ಬಕೆಟ್ಟಿನಲ್ಲಿಡುವುದು, ಇದ್ದಿಲಿನ ಬುಟ್ಟಿ ಇಡುವುದು ರೂಢಿಯಲ್ಲಿವೆ. ಈರುಳ್ಳಿ ತನ್ನ ವಾಸನೆಯನ್ನು ಸೇರಿಸುತ್ತದೆ. ಇದ್ದಿಲು ಹೀರುವುದು ಅತ್ಯಲ್ಪ. ಆವಿಯನ್ನು ನಿಜವಾಗಿ ಹೊರಹಾಕುವುದು ಗಾಳಿಯ ಓಡಾಟ ಮಾತ್ರ. ಎದುರುಬದುರು ಕಿಟಕಿ ತೆರೆದಿಡಿ, ಒಂದು ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ, ಕಪಾಟುಗಳ ಬಾಗಿಲನ್ನೂ ತೆರೆದಿಡಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ, ಅದರಿಂದ ಪ್ರಯೋಜನವಿಲ್ಲ.

ನಮ್ಮ ಮನೆಯ ಆವಿಯನ್ನು ನಾವು ಕೆಲವು ವಾರ ಉಸಿರಾಡಿದರೆ, ಪೇಂಟರ್‌ಗಳು ವರ್ಷವಿಡೀ ಒಂದು ಮನೆಯಾದ ಮೇಲೆ ಇನ್ನೊಂದರಲ್ಲಿ ಉಸಿರಾಡುತ್ತಾರೆ. ಪೇಂಟರ್ ವೃತ್ತಿಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಆ ಅಂಗ 1989ರಲ್ಲಿಯೇ ವರ್ಗೀಕರಿಸಿತು. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಅವರಲ್ಲಿ ಹೆಚ್ಚು. ಮುಖಕ್ಕೆ ಕಟ್ಟಿಕೊಂಡ ಟವೆಲ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ಕೂಡ ಧೂಳಿಗೆ ಮಾತ್ರ. ಸ್ಪ್ರೇ ಪಾಲಿಶ್ ಮಾಡುವವರಿಗೆ, ಆವಿ ಹೀರುವಂತೆ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಸಂಜೆ ಕೆಲಸ ಮುಗಿಸಿ ಅವರು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮೊಣಕೈವರೆಗೂ ಉಜ್ಜಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ದ್ರಾವಕ ಹಾಗೆ ಚರ್ಮದ ಮೂಲಕವೂ ಒಳಹೋಗುತ್ತದೆ. ಕೊಬ್ಬರಿ ಎಣ್ಣೆ ಮತ್ತು ಸೋಪು ಕೊಡಿ, ಬಣ್ಣ ಹೋಗುತ್ತದೆ. ಕೆಲಸ ಮಾತಾಡುವಾಗಲೇ ಮಾಸ್ಕಿನ ಖರ್ಚನ್ನು ಸೇರಿಸಿಕೊಂಡು ದರ ನಿಗದಿ ಮಾಡುವುದು ಮನೆ ಕಟ್ಟಿಸುವವರ ಜವಾಬ್ದಾರಿಯೆಂದು ನಾನು ಭಾವಿಸುತ್ತೇನೆ.

ಮಿಕ್ಕ ಬಣ್ಣದ ವಿಷಯ ಉಳಿದಿದೆ. ಬ್ರಷ್ ತೊಳೆದ ನೀರನ್ನು ಮನೆಮುಂದಿನ ಮಳೆನೀರಿನ ಚರಂಡಿಗೆ ಚೆಲ್ಲಿದರೆ ಅದು ರಾಜಕಾಲುವೆಯ ಮೂಲಕ ನೇರವಾಗಿ ಕೆರೆಗೆ ಹೋಗುತ್ತದೆ. ರೋಲರ್, ಬ್ರಷ್‌ಗಳಲ್ಲಿನ ಬಣ್ಣವನ್ನು ಮೊದಲು ಹಳೆಯ ಪತ್ರಿಕೆಗೆ ಒರೆಸಿ ತೆಗೆದು, ಉಳಿದದ್ದನ್ನು ಒಂದೇ ಬಕೆಟ್ಟಿನಲ್ಲಿ ತೊಳೆದು, ಆ ನೀರನ್ನು ಒಳಚರಂಡಿಗೆ ಸೇರುವ ಬಚ್ಚಲಿಗೆ ಬಿಡಬೇಕು. ಥಿನ್ನರನ್ನು ಎಲ್ಲಿಗೂ ಚೆಲ್ಲಬಾರದು. ಮುಚ್ಚಿದ ಡಬ್ಬದಲ್ಲಿ ಒಂದು ದಿನ ಬಿಟ್ಟರೆ ಬಣ್ಣ ತಳಕ್ಕಿಳಿದು ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಖಾಲಿ ಡಬ್ಬಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದ್ದವು, ಆದ್ದರಿಂದ ಅವನ್ನು ಹಸಿ ಕಸದ ಜೊತೆಗೆ ಹಾಕದೆ ಪ್ರತ್ಯೇಕವಾಗಿಯೇ ಕೊಡಬೇಕು. ಅರ್ಧ ಉಳಿದ ಎಮಲ್ಷನ್ ಡಬ್ಬದ ಮೇಲೆ ಶೇಡಿನ ಸಂಖ್ಯೆ, ಕೋಣೆ, ತಿಂಗಳು, ವರ್ಷ ಬರೆದು, ಮುಚ್ಚಳ ಬಿಗಿದು ನೆರಳಿನಲ್ಲಿಟ್ಟರೆ ಮುಂದಿನ ಸಲ ಗೋಡೆಯಲ್ಲಿ ಮೊಳೆ ಕಿತ್ತ ಜಾಗಕ್ಕೆ ಹೊಸ ಡಬ್ಬ ಕೊಳ್ಳಬೇಕಾಗುವುದಿಲ್ಲ.